ಟೈಪ್ 1 ಮಕ್ಕಳ ಕಣ್ಣು, ಕಿಡ್ನಿ ಪರೀಕ್ಷೆ: ಒಂದು ಸ್ಪಷ್ಟನೆ

ದಾವಣಗೆರೆಯ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಟೈಪ್ 1 ಡಯಾಬಿಟಿಸ್ (ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ) ಇರುವ ಮಕ್ಕಳಿಗೆ 18 ತುಂಬುವವರೆಗೆ ಕಣ್ಣು, ಕಿಡ್ನಿ ಪರೀಕ್ಷೆ ಬೇಡ, ತೊಂದರೆ ಕಂಡಾಗ ತೋರಿಸಿದರೆ ಸಾಕು ಅಂತ. ಇದು ತಪ್ಪು.

ಮಕ್ಕಳ ಡಯಾಬಿಟಿಸ್ ತಜ್ಞರ ಅಂತರರಾಷ್ಟ್ರೀಯ ಸಂಘ ಇಸ್ಪ್ಯಾಡ್‌ನ 2022ರ ಮಾರ್ಗಸೂಚಿ ಪ್ರಕಾರ, ಮಗುವಿಗೆ 11 ವರ್ಷವಾಗಿ, ಕಾಯಿಲೆ ಶುರುವಾಗಿ 2ರಿಂದ 5 ವರ್ಷ ಕಳೆದಿದ್ದರೆ ಎರಡೂ ಪರೀಕ್ಷೆ ಆರಂಭಿಸಬೇಕು. ಕಿಡ್ನಿಗೆ ವರ್ಷಕ್ಕೊಮ್ಮೆ. ಕಣ್ಣಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ, ಡಾಕ್ಟರ್ ಹೇಳಿದರೆ ಇನ್ನೂ ಬೇಗ. ತೀರಾ ಚಿಕ್ಕ ಮಕ್ಕಳಿಗೆ ಈ ಎರಡು ಸಾಮಾನ್ಯವಾಗಿ ಬೇಕಾಗುವುದಿಲ್ಲ, ಅಷ್ಟು ಮಾತ್ರ ನಿಜ. ಥೈರಾಯ್ಡ್ ಪರೀಕ್ಷೆಯನ್ನಂತೂ ಕಾಯಿಲೆ ಗೊತ್ತಾದ ಹೊಸತರಲ್ಲೇ ಮಾಡಿಸಬೇಕು.

ನನಗೆ ಜಾಸ್ತಿ ಭಯವಾಗಿದ್ದು 'ತೊಂದರೆ ಕಂಡಾಗ' ಅನ್ನೋ ಮಾತಿಗೆ. ಶುರುವಿನಲ್ಲಿ ತೊಂದರೆ ಕಾಣುವುದೇ ಇಲ್ಲ ಅಲ್ವಾ! ಕಣ್ಣಿನ ಒಳಪರದೆಯ ರಕ್ತನಾಳ ಹಾಳಾಗುತ್ತಿದ್ದರೂ ಮಗು ಕೊನೇ ಬೆಂಚಿನಿಂದ ಬೋರ್ಡ್ ಓದುತ್ತಿರುತ್ತದೆ. ಕಿಡ್ನಿಯಿಂದ ಮೂತ್ರಕ್ಕೆ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೂ ಮಗು ನೋಡಲು ಎಂದಿನಂತೆಯೇ ಇರುತ್ತದೆ. ಈ ಹಂತದಲ್ಲೇ ಗೊತ್ತಾದರೆ ಸಕ್ಕರೆ, ಬಿಪಿ ಹಿಡಿತದಲ್ಲಿಟ್ಟು ಹಾನಿ ತಡೆಯುವ ಅವಕಾಶ ದೊಡ್ಡದು.

ಪರೀಕ್ಷೆಗೆ ಹೆದರಬೇಕಿಲ್ಲ. ಕಿಡ್ನಿಗೆ ಬೆಳಗಿನ ಮೊದಲ ಮೂತ್ರ ಒಂದು ಸಣ್ಣ ಡಬ್ಬಿಯಲ್ಲಿ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡುತ್ತಾರೆ. ಕೆಲವು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ನಮ್ಮೂರ ಬಿಸಿಲಿಗೆ ಒಂದು ಟೋಪಿ ಒಯ್ಯಿರಿ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.