ಸ್ವಿಫ್ಟ್‌ಗೆ ಅಪ್ಪರ್ ಆರ್ಮ್ ಇಲ್ಲ

ಕಂಟ್ರೋಲ್ ಆರ್ಮ್, ಎ-ಆರ್ಮ್, ವಿಶ್‌ಬೋನ್ ಮೂರೂ ಬೇರೆ ಬೇರೆ ಭಾಗಗಳು ಅನ್ನೋ ಹಾಗೆ ಕಾರಿನ ಸಸ್ಪೆನ್ಷನ್ (ಚಕ್ರಗಳ ಕುಲುಕಾಟ ತಡೆಯುವ ವ್ಯವಸ್ಥೆ) ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಹಾಗಲ್ಲ ಸರ್. ಚಾಸಿಯಿಂದ, ಅಂದರೆ ಕಾರಿನ ಚೌಕಟ್ಟಿನಿಂದ, ಚಕ್ರ ಕೂರುವ ಲೋಹದ ಭಾಗಕ್ಕೆ (knuckle) ಹೋಗುವ ತೋಳು ಕಂಟ್ರೋಲ್ ಆರ್ಮ್. ಅದರಲ್ಲಿ ಚಾಸಿ ಕಡೆ ಎರಡು ಬುಷ್ (ಅದುರು ತಡೆಯುವ ರಬ್ಬರ್ ಬಳೆ), ಚಕ್ರದ ಕಡೆ ಒಂದು ಬಾಲ್ ಜಾಯಿಂಟ್ (ಗುಂಡು ತಲೆಯ ಕೀಲು) ಇರುವ ಎ ಆಕಾರದ್ದೇ ಎ-ಆರ್ಮ್, ಅದನ್ನೇ ವಿಶ್‌ಬೋನ್ ಅಂತಲೂ ಕರೆಯುತ್ತಾರೆ.

ಸ್ವಿಫ್ಟ್, ವ್ಯಾಗನ್‌ಆರ್ ಥರದ ಕಾರಿನ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ. ಮೇಲಿನ ಆರ್ಮ್‌ನ ಕೆಲಸ ಸ್ಟ್ರಟ್ಟೇ ಮಾಡುವುದರಿಂದ ಅಲ್ಲಿ ಲೋಯರ್ ಆರ್ಮ್ ಮಾತ್ರ ಇರುತ್ತದೆ. ಇನ್ನೋವಾ ಕ್ರಿಸ್ಟಾಗೆ ಡಬಲ್ ವಿಶ್‌ಬೋನ್, ಮೇಲೊಂದು ಕೆಳಗೊಂದು. ನಮ್ಮ ದಾವಣಗೆರೆ ಪಿ.ಬಿ. ರೋಡ್ ಕಡೆ ಗ್ಯಾರೇಜಿನಲ್ಲಿ ಬಿಲ್ ಕೈಗೆ ಬಂದಾಗ ಇಷ್ಟಾದರೂ ಗೊತ್ತಿರಬೇಕು ಅಲ್ವಾ?

ಇನ್ನೊಂದು ಬಿಟ್ಟಿದ್ದೀರಿ. ಹಂಪ್ ಮೇಲೆ ಲೊಟಲೊಟ ಸದ್ದು ಬಂದ ಕೂಡಲೇ ಇಡೀ ಆರ್ಮ್ ಬದಲಾಯಿಸಬೇಕಿಲ್ಲ, ಬುಷ್ ಹರಿದಿದ್ದರೆ ಎಷ್ಟೋ ಕಾರುಗಳಲ್ಲಿ ಬುಷ್ ಮಾತ್ರ ಪ್ರೆಸ್ ಮಾಡಿ ಕೂರಿಸಬಹುದು, ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಸರಳನ್ನು ಜೋಡಿಸುವ ಸಣ್ಣ ಕಡ್ಡಿ) ಸವೆದರೂ ಹೆಚ್ಚುಕಡಿಮೆ ಅದೇ ಸದ್ದು. ಬಾಲ್ ಜಾಯಿಂಟ್ ಸಡಿಲ ಆಗಿದ್ದರೆ ಮಾತ್ರ ದಯವಿಟ್ಟು ಓಡಿಸಬೇಡಿ, ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಆರ್ಮ್ ಹಾಕಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಟೈರ್ ಒಂದೇ ಕಡೆ ಸವೆಯುತ್ತದೆ.