ಹಿಸ್ಟರಿ ಯಾಕೆ ಬೇಕಂತೆ!

ಒಂದು ಹಳೇ ಬಗ್ ಹುಡುಕೋಕೆ, ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್‌ನಲ್ಲಿ ಬ್ಲೇಮ್ ಹಾಕಿದೆ, ಅಂದ್ರೆ ಯಾವ ಸಾಲನ್ನ ಕೊನೆಗೆ ಬದಲಾಯಿಸಿದ್ದು ಯಾರು ಅಂತ ಕೇಳಿದೆ. ಫೈಲಿನ ಅಷ್ಟೂ ಸಾಲಿಗೆ ಒಬ್ಬನೇ ಕರ್ತೃ: ಸಿಂಕ್ ಬಾಟ್, ಅಂದ್ರೆ ಕೋಡನ್ನ ತಾನೇ ನಕಲು ಮಾಡೋ ಪ್ರೋಗ್ರಾಂ. ಮೆಸೇಜು? "ಎಸ್‌ವಿಎನ್‌ನಿಂದ ಸಿಂಕ್". ಎಸ್‌ವಿಎನ್ ಅಂದ್ರೆ ಗಿಟ್‌ನ ಹಾಗೇ ಲೆಕ್ಕ ಇಡೋ ಹಳೇ ವ್ಯವಸ್ಥೆ. ಆಹಾ, ಏನು ವಿವರಣೆ! ವರ್ಷಗಟ್ಟಲೆ ಜನ ಬರೆದ ಕೋಡನ್ನ ಈ ಮಹಾಶಯ ಒಂದೇ ರಾತ್ರಿ ಬರೆದು ಮುಗಿಸಿದನಂತೆ. ಎಸ್‌ವಿಎನ್‌ಗೆ ಬ್ರಾಂಚ್ (ಕೋಡಿನ ಕವಲು) ಅಂದ್ರೆ ಬರೀ ಫೋಲ್ಡರ್, ಗಿಟ್‌ಗೆ ಕಮಿಟ್ (ಉಳಿಸಿಟ್ಟ ಒಂದು ಬದಲಾವಣೆ) ತೋರಿಸೋ ಒಂದು ಗುರುತು. ಈ ಜಾತಕ ಕೂಡೋದಾದ್ರೂ ಹೇಗೆ? ಎರಡನ್ನೂ ಬೆಸೆಯೋ ಗಿಟ್-ಎಸ್‌ವಿಎನ್ ಓಡಿಸಿದ್ರೆ, ಎಂದೋ ಕೆಲಸ ಬಿಟ್ಟವನ ಯೂಸರ್‌ನೇಮ್ ಕರ್ತೃಗಳ ಪಟ್ಟಿ ಇರೋ ಆಥರ್ಸ್ ಫೈಲಲ್ಲಿಲ್ಲ ಅಂತ ನಡುವೆಯೇ ಕೈ ಎತ್ತುತ್ತೆ. ಗಿಟ್ ಬದಲಾವಣೆಗಳನ್ನ ಎಸ್‌ವಿಎನ್‌ಗೆ ಕಳಿಸೋ ಡಿಕಮಿಟ್ ಹೊಡೆದ್ರೆ, ಕಮಿಟ್‌ನ ಗುರುತಿನ ಸಂಖ್ಯೆಯಾದ ಹ್ಯಾಶ್ ಬದಲು, ಕವಲುಗಳು ಕೂಡಿದ ಮರ್ಜ್‌ಗಳೆಲ್ಲ ಚಪ್ಪಟೆ, ಮೆಸೇಜಿನ ಬಾಲಕ್ಕೆ ಗಿಟ್-ಎಸ್‌ವಿಎನ್-ಐಡಿ ಬೇರೆ. "ಕೋಡ್ ಬಂತಲ್ಲ, ಹಿಸ್ಟರಿ ಯಾಕ್ರೀ?" ಅಂತಾರೆ ಮ್ಯಾನೇಜರ್. ನಾಳೆ ಪ್ರೊಡಕ್ಷನ್ (ಜನ ನಿಜವಾಗಿ ಬಳಸೋ ಸಿಸ್ಟಮ್) ಬಿದ್ದಾಗ "ಈ ಸಾಲು ಯಾರು ಬದಲಾಯಿಸಿದ್ದು?" ಅಂತ ಮೊದಲು ಕೂಗಾಡೋರೂ ಇವರೇ!