ಸ್ಟ್ರಾಂಗಾ, ಮೈಲ್ಡಾ?

ನಮ್ಮ ಕೊಡವರ ಮಳೆ ತಿಂಗಳು ಕಕ್ಕಡ ಮುಗಿಯುತ್ತ ಬಂದರೂ ಮಳೆ ಮುಗಿಯುವ ಲಕ್ಷಣ ಇರಲಿಲ್ಲ. ಮಡಿಕೇರಿಯ ಒಂದು ಮದ್ಯದಂಗಡಿಯ ಮುಂದೆ ಕೊಡೆ ಹಿಡಿದು ನಿಂತಿದ್ದೆ. ಮುಂದೆ ಹನ್ನೊಂದು ಜನ, ಹಿಂದೆ ಲೆಕ್ಕ ಹಾಕಿರಲಿಲ್ಲ. ಅಂಗಡಿ ಅಂದರೆ ಒಂದು ಕಬ್ಬಿಣದ ಜಾಲರಿ, ಜಾಲರಿಯ ನಡುವೆ ಒಂದು ಕಿಂಡಿ, ಕಿಂಡಿಯೊಳಗಿಂದ ಚಾಚುವ ಒಂದು ಕೈ. ಆ ಕೈಗೆ ಒಂದು ಮುಖವೂ ಇರಬೇಕು. ಇಷ್ಟು ವರ್ಷದಲ್ಲಿ ನನಗೆ ದರ್ಶನವಾಗಿಲ್ಲ.

ನನ್ನ ಸರದಿ ಬಂತು. "ಏಲ್ ಉಂಟಾ?" ಅಂದೆ.

"ಏಲಕ್ಕಿನಾ? ಪಕ್ಕದ ಸ್ಪೈಸಸ್ ಅಂಗಡಿ ಸಾರ್," ಅಂದಿತು ಕೈ.

"ಏಲಕ್ಕಿ ಅಲ್ಲ ಮಾರಾಯ, ಏಲ್. ಬಿಯರಲ್ಲೇ ಒಂದು ಜಾತಿ."

"ಸ್ಟ್ರಾಂಗಾ, ಮೈಲ್ಡಾ?"

"ಅದು ಬಾಟಲಿ ನೋಡಿದರೆ ಗೊತ್ತಾಗ್ತದೆ. ಆ ಮೇಲಿನ ಸಾಲಲ್ಲಿ ಎಡಗಡೆಯಿಂದ ಮೂರನೆಯದು ಇಲ್ಲಿ ಕೊಡು. ಲೇಬಲ್ ಓದಿ ಹೇಳ್ತೇನೆ."

ಹಿಂದಿನಿಂದ ಒಂದು ಗಮ್‌ಬೂಟು ನನ್ನ ಹಿಮ್ಮಡಿ ತುಳಿಯಿತು. "ಓದ್ಲಿಕ್ಕೆ ಲೈಬ್ರರಿ ಉಂಟಲ್ಲ ಸಾರ್, ಕೋಟೆ ಹತ್ರ," ಅಂದಿತು ಒಂದು ಧ್ವನಿ. ಸಾಲಿಗೆ ಸಾಲೇ ನಕ್ಕಿತು. ಕೈ ಅಷ್ಟರಲ್ಲಿ ಒಂದು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕಿಂಡಿಯಲ್ಲಿ ತೂರಿಸಿ, ದುಡ್ಡು ತೆಗೆದುಕೊಂಡು ಒಳಗೆ ಹೋಯಿತು. ಮನೆಗೆ ಬಂದು ಬಿಚ್ಚಿ ನೋಡಿದರೆ ಏಲ್ ಅಲ್ಲ, ಬಿಯರಿನ ಇನ್ನೊಂದು ಜಾತಿ, ಸ್ಟ್ರಾಂಗ್ ಲಾಗರ್. ಸುತ್ತಿದ್ದ ಹಾಳೆಯಲ್ಲಿ ಕಳೆದ ತಿಂಗಳ ನನ್ನದೇ ಅಂಕಣ.

ಈ ಅವಮಾನಕ್ಕೆಲ್ಲ ಕಾರಣ ಬೆಂಗಳೂರಿನಲ್ಲಿರುವ ತಮ್ಮನ ಮಗ. ಹತ್ತು ದಿನದ ಹಿಂದೆ, ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ತಿನ್ನಲಿಕ್ಕೆ ಅಂತ ಬಂದವನು ಸ್ವೆಟರಿನ ಒಳಗೆ ಕೂಸನ್ನು ಸುತ್ತಿದ ಹಾಗೆ ನಾಲ್ಕು ಬಾಟಲಿ ಸುತ್ತಿ ತಂದಿದ್ದ. ಅಲ್ಲಿಯವರೆಗೆ ನಾನೂ ಸ್ಟ್ರಾಂಗ್–ಮೈಲ್ಡ್ ಎಂಬ ದ್ವೈತ ಸಿದ್ಧಾಂತದಲ್ಲಿ ನೆಮ್ಮದಿಯಾಗಿದ್ದವನೇ. ಸರ್ಕಾರದ್ದೂ ಅದೇ ಸಿದ್ಧಾಂತ. ಆಹಾರ ಸುರಕ್ಷತಾ ಪ್ರಾಧಿಕಾರದ ಪುಸ್ತಕದಲ್ಲಿ ಆಲ್ಕೋಹಾಲ್ ಶೇ. 5ರವರೆಗೆ ಇದ್ದರೆ ಸಾದಾ ಬಿಯರು, ಅಲ್ಲಿಂದ ಶೇ. 8ರವರೆಗೆ ಸ್ಟ್ರಾಂಗು. ಇಂಗ್ಲೆಂಡಿನ ಹಳ್ಳಿ ಪಬ್ಬುಗಳಲ್ಲಿ ಶೇ. 4ರ ಒಳಗಿನ ಬಿಟರ್ ಎಂಬ ಏಲಿನ ಮೇಲೆ ಜನ ಗಂಟೆಗಟ್ಟಲೆ ಜಗಳವಾಡುತ್ತಾರಂತೆ. ನಮ್ಮ ಕಿಂಡಿಯಲ್ಲಿ ಅದನ್ನು ಕೊಟ್ಟರೆ ಗಿರಾಕಿ ನೀರು ಬೆರೆಸಿದ ಕೇಸು ಹಾಕುತ್ತಾನೆ.

ಆ ಸಂಜೆ ಜಗಲಿಯಲ್ಲಿ ನಾನು, ಹುಡುಗ, ಪಕ್ಕದ ತೋಟದ ಸುಬೇದಾರ್ ಮಾವ. ಮಾವ ಸೈನ್ಯದಿಂದ ನಿವೃತ್ತರಾದವರು. ತಿಂಗಳ ಕ್ಯಾಂಟೀನ್ ಕೋಟಾದ ರಮ್ಮಿನಲ್ಲಿ ಅವರು ಒಂದು ಮದುವೆ ಸಂಧಾನ, ಎರಡು ಗಡಿ ತಕರಾರು ಬಗೆಹರಿಸಿದ್ದನ್ನು ನಾನೇ ಕಂಡಿದ್ದೇನೆ. ಬಿಯರು ಅವರ ಲೆಕ್ಕದಲ್ಲಿ ಬಾಯಿ ಮುಕ್ಕಳಿಸುವ ಪದಾರ್ಥ.

ಹುಡುಗ ಪಾಠ ಶುರುಮಾಡಿದ. ಲಾಗರಿನ ಯೀಸ್ಟು ಚಳಿಯಲ್ಲಿ, ತಳದಲ್ಲಿ ಕೂತು ನಿಧಾನ ಕೆಲಸ ಮಾಡುತ್ತದೆ. ಏಲಿನ ಯೀಸ್ಟು ಹದಿನೆಂಟು ಇಪ್ಪತ್ತು ಡಿಗ್ರಿಯ ಬಿಸುಪಿನಲ್ಲಿ ಮೇಲೆ ನೊರೆಯಾಗಿ ಎದ್ದು ನಾಲ್ಕೈದು ದಿನದಲ್ಲಿ ಕೆಲಸ ಮುಗಿಸುತ್ತದೆ. ಹಣ್ಣಿನ ಪರಿಮಳ ಹುಟ್ಟುವುದು ಆ ಬಿಸುಪಿನಲ್ಲೇ.

"ತಳದಲ್ಲಿ ಕೂತವನಿಗೂ ಮೇಲೆ ಹಾರಾಡಿದವನಿಗೂ ಪೆನ್ಷನ್ ಒಂದೇ," ಅಂದರು ಮಾವ.

ಮೊದಲ ಬಾಟಲಿ ಬೆಲ್ಜಿಯಂ ಶೈಲಿಯ ಗೋಧಿ ಏಲ್. ಅದಕ್ಕೆ ಒಣಗಿಸಿದ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ ಅಂದ. ಕೊಡಗಿನ ಕಿತ್ತಳೆಯ ತೋಟಗಳು ಕಣ್ಣೆದುರೇ ಕಾಫಿಯಾಗಿ ಹೋದದ್ದನ್ನು ನೋಡಿದ ನನಗೆ, ಬೆಲ್ಜಿಯಂನಲ್ಲಾದರೂ ಸಿಪ್ಪೆಗೆ ಮರ್ಯಾದೆ ಉಂಟಲ್ಲ ಅನಿಸಿತು. ಮಾವ ಮಾತ್ರ ಗ್ಲಾಸು ಮೂಸಿ, "ಕೊತ್ತಂಬರಿ ಹಾಕಿದ್ರೆ ಅದು ಸಾರು," ಅಂದರು. ಆದರೂ ಬೆರಳದ್ದಿ ಗುರು ಕಾರಣರಿಗೆ ಎರಡು ಹನಿ ಚಿಮುಕಿಸಿಯೇ ಬಾಯಿಗಿಟ್ಟರು. ಹಿರಿಯರಿಗೆ ಸಾರಾದರೂ ಸಲ್ಲಬೇಕು.

ಎರಡನೆಯದರಲ್ಲಿ ಅನಾಹುತವಾಯಿತು. ಅದು ಬಾಟಲಿಯೊಳಗೇ ಯೀಸ್ಟು ಬದುಕಿರುವ ಬಗೆಯದು. ಬಿರಡೆ ಹಾಕಿದ ಮೇಲೂ ಒಳಗೆ ಉಸಿರಾಡುತ್ತ, ಗ್ಯಾಸು ಕಟ್ಟುತ್ತ, ಅಡಿಯಲ್ಲಿ ಗಸಿಯಾಗಿ ಮಲಗಿರುತ್ತದೆ. ನಿಲ್ಲಿಸಿ ಇಡಬೇಕು, ಒಂದು ದಿನವಾದರೂ ಅಲುಗಾಡಿಸಬಾರದು, ಗ್ಲಾಸನ್ನು ಓರೆ ಹಿಡಿದು ಒಂದೇ ಧಾರೆಯಲ್ಲಿ ಬಗ್ಗಿಸಿ ಕೊನೆಯ ಒಂದಿಂಚು ಬಾಟಲಿಯಲ್ಲೇ ಬಿಡಬೇಕು ಅಂತ ಶಾಸ್ತ್ರ. ಶಾಸ್ತ್ರ ಬರೆದವರು ಮಳೆಗಾಲದಲ್ಲಿ ಕುಶಾಲನಗರದಿಂದ ನಮ್ಮ ತೋಟದವರೆಗೆ ಜೀಪಿನಲ್ಲಿ ಬಂದವರಲ್ಲ. ಮುಖ್ಯರಸ್ತೆ ಬಿಟ್ಟ ಮೇಲಿನ ಆರು ಕಿಲೋಮೀಟರಿನಲ್ಲಿ ನಮ್ಮ ಪಿತ್ತಕೋಶದ ಗಸಿಯೇ ಮೇಲೆ ಬರುತ್ತದೆ, ಇನ್ನು ಯೀಸ್ಟಿನ ಪಾಡೇನು? ಹುಡುಗ ಮುಚ್ಚಳ ಎತ್ತಿದ್ದೇ ತಡ, ನೊರೆ ಕಾರಂಜಿಯಾಗಿ ಎದ್ದು ಅಟ್ಟದ ಹಲಗೆ ಮುಟ್ಟಿತು. ಗೋಡೆಯಲ್ಲಿದ್ದ ಅಜ್ಜನ ಫೋಟೋಗೂ ಪಾಲು ಸಂದಿತು. ಉಳಿದದ್ದು ಗ್ಲಾಸಿನಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಕದಡಿ ನಿಂತಿತ್ತು.

"ಕೆಟ್ಟು ಹೋಗಿದೆ. ವಾಪಸ್ ಕೊಡು," ಅಂದರು ಮಾವ.

"ಇಲ್ಲ ತಾತ, ಇದು ಹೀಗೇ ಇರೋದು. ಜೀವ ಇದೆ ಅಂತ ಅರ್ಥ."

ಮಾವ ಒಂದು ಗುಟುಕು ಎಳೆದರು. ಇನ್ನೊಂದು ಎಳೆದರು. ಸ್ವಲ್ಪ ಹೊತ್ತು ಮಳೆ ನೋಡಿದರು. "ಬೈನೆ ಕಳ್ಳು ಮಾರಾಯ ಇದು. ನನ್ನ ಅಪ್ಪ ಮಡಕೆಯಲ್ಲಿ ಇಳಿಸ್ತಿದ್ದದ್ದು. ಇದೇ ಗಸಿ, ಇದೇ ಹುಳಿ. ಇದಕ್ಕೆ ಎಷ್ಟು ಕೊಟ್ಟೆ?" ಹುಡುಗ ಹೇಳಿದ. ಮಾವ ಆ ರಾತ್ರಿ ಮತ್ತೆ ಮಾತಾಡಲಿಲ್ಲ.

ನನಗೆ ಮಾತ್ರ ರುಚಿ ಹತ್ತಿತು. ಕಾಫಿ ಬೆಳೆಯುವವರಿಗೆ ಇದೇನು ಹೊಸ ವಿದ್ಯೆಯಲ್ಲ. ಐವತ್ತು ಕೆ.ಜಿ. ಚೀಲಕ್ಕೆ ಸಿಪ್ಪೆ ಕಳೆದು ಸಿಗುವ ಬೀಜದ ತೂಕ, ಅಂದರೆ ಔಟ್‌ಟರ್ನ್ 26 ಬಂತೋ 28 ಬಂತೋ ಅಂತ ಮಂಡಿಯಲ್ಲಿ ಬೆವರುವ, ಸೊರ್ ಅಂತ ಚಮಚದಲ್ಲಿ ಎಳೆದು ಉಗಿದು ಅಂಕ ಕೊಡುವವರ ಮುಂದೆ ಕೈಕಟ್ಟಿ ನಿಲ್ಲುವ ಜನ ನಾವು. ಮೂಸಿ, ನೋಡಿ, ಕೇಳಿ ಕೊಳ್ಳುವುದು ನಮ್ಮ ಕಸುಬು. ಹುಡುಗ ಹೋಗುವಾಗ ಕಲಿಸಿ ಹೋದ: ಹಾಪ್ಸ್ ಎಂಬ ಕಹಿ ಪರಿಮಳದ ಹೂವು ಜಾಸ್ತಿ ಇರುವ ಪೇಲ್ ಏಲ್ ತಗೊಂಡರೆ ತುಂಬಿದ ತಾರೀಖು ನೋಡಬೇಕು, ಹಳೆಯದಾದರೆ ಪರಿಮಳ ಹಾರಿರುತ್ತದೆ. ಕಪ್ಪಗಿನ ಗಟ್ಟಿ ಏಲ್ ಆದರೆ ಎರಡು ವರ್ಷ ಕಪಾಟಿನಲ್ಲಿ ಮರೆತರೂ ಅಡ್ಡಿಯಿಲ್ಲ, ಕಾಚಂಪುಳಿಯ ಕಪ್ಪು ಹುಳಿ ಬಿದ್ದ ಪಂದಿ ಕರಿಗೆ (ಹಂದಿ ಸಾರಿಗೆ) ಅದೇ ಜೋಡಿ. ಬಾಟಲಿ ಕಂದು ಬಣ್ಣದ್ದಿರಬೇಕು. ಬಿಳಿ, ಹಸಿರು ಗಾಜಿನಲ್ಲಿ ಬೆಳಕು ನುಗ್ಗಿ ಹಾಪ್ಸನ್ನು ಕೆಡಿಸಿ ನಾತ ಎಬ್ಬಿಸುತ್ತದೆ. ಕುಡಿಯುವುದು 10ರಿಂದ 13 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಿದ್ದರೆ ನಾಲಿಗೆ ಮರಗಟ್ಟಿ ಎಲ್ಲ ಬಿಯರೂ ಒಂದೇ.

ಅವನಿಗೇನು, ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ತಳ್ಳುಗಾಡಿ ಹಿಡಿದು ಬಾಟಲಿಯ ಬೆನ್ನು ತಿರುಗಿಸಿ ಓದುವವನು. ನಮ್ಮಲ್ಲಿ ಓದುವುದಿರಲಿ, ಮುಟ್ಟುವ ಹಾಗೂ ಇಲ್ಲ. ನಮ್ಮ ಕಿಂಡಿಯಲ್ಲಿ ಗಿರಾಕಿಗೆ ಸಿಗುವ ಸಮಯ ಎಂಟು ಸೆಕೆಂಡು. ಅಷ್ಟರಲ್ಲೂ ಪಿಸುದನಿಯಲ್ಲೇ ಹೇಳಬೇಕು, ಮೂರು ತಲೆ ಹಿಂದೆ ಮಗಳ ಗಣಿತದ ಮೇಷ್ಟ್ರು ನಿಂತಿರುತ್ತಾರೆ. ಅವರೂ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಿರುತ್ತಾರೆ, ಅದು ಬೇರೆ ಮಾತು.

ಇದೇ ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸು ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ನಮ್ಮ ಹೆಮ್ಮೆ ಅದು, ನಾನು ಬೇಡ ಅನ್ನುತ್ತಿಲ್ಲ. ಆದರೆ ಲೆಕ್ಕ ನೋಡಿ. ಸುಬೇದಾರ್ ಮಾವನ ಕೈಗೆ ತುಂಬಿದ ತೋಟೆಕೋವಿ ಕೊಡಲು ಅಂಜದ ಸರ್ಕಾರ, ತುಂಬಿದ ಬಿಯರು ಬಾಟಲಿಯನ್ನು ಓದಲಿಕ್ಕೆ ಕೊಡಲು ಕಬ್ಬಿಣದ ಜಾಲರಿ ಹಾಕಿಸುತ್ತದೆ.

ಪಕ್ಕದ ಸ್ಪೈಸಸ್ ಅಂಗಡಿಯ ವೈಭವವೇ ಬೇರೆ. ಅಲ್ಲಿ ಜಾಲರಿ ಇಲ್ಲ, ಕಿಂಡಿ ಇಲ್ಲ. 'ಕೂರ್ಗ್ ಹೋಂಮೇಡ್ ವೈನ್' ಅಂತ ಬೋರ್ಡು, ಬಣ್ಣಬಣ್ಣದ ಬಾಟಲಿಗಳ ಸಾಲು. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆಯದ್ದೂ ಉಂಟು. ಪ್ರವಾಸಿ ಅಕ್ಕನಿಗೆ ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ರುಚಿಗೆ ಕೊಡುತ್ತಾರೆ, ಮಗುವಿಗೆ ಚಾಕೊಲೇಟ್ ಕೊಡುತ್ತಾರೆ, ಕೂರಲಿಕ್ಕೆ ಸ್ಟೂಲು ಎಳೆಯುತ್ತಾರೆ. ಯಾರ ಹೋಮು, ಯಾರು ಮೇಡು, ಯಾವ ಪರವಾನಗಿ ಅಂತ ಕೇಳುವ ಕೆಟ್ಟ ಅಭ್ಯಾಸ ನನಗಿಲ್ಲ. ಸುಂಕ ಕಟ್ಟಿ, ಮೊಹರು ಹಾಕಿಸಿಕೊಂಡು, ಸರ್ಕಾರದ್ದೇ ಗೋದಾಮಿನಿಂದ ಬಂದ ಬಾಟಲಿ ಮಾತ್ರ ಕಂಬಿಯ ಹಿಂದೆ.

ಹೌದು, ಸರ್ಕಾರದ್ದೇ ಗೋದಾಮು. 2003ರಿಂದ ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರಿ ಪಾನೀಯ ನಿಗಮ. ಸಂವಿಧಾನದ 47ನೇ ವಿಧಿ ಮದ್ಯಪಾನ ನಿಲ್ಲಿಸಲು ಪ್ರಯತ್ನಿಸು ಅಂತ ರಾಜ್ಯಕ್ಕೆ ಹೇಳುತ್ತದೆ. 2025-26ರ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ತಾ ಅಂದಿತು. ರಾಜ್ಯ ಎರಡೂ ಕಡೆ ವಿಧೇಯ. ಬಾಟಲಿಯ ಮೇಲೆ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಅಂತ ಅಚ್ಚು ಹಾಕಿಸಿ, ಆ ಅಕ್ಷರ ನಾವು ಓದದ ಹಾಗೆ ಪೇಪರು ಸುತ್ತಿಸಿ ಕೊಡುತ್ತದೆ. 2023ರ ಜುಲೈಯಲ್ಲಿ ಬಿಯರಿನ ಹೆಚ್ಚುವರಿ ಸುಂಕ ಶೇ. 175ರಿಂದ 185ಕ್ಕೆ ಏರಿದಾಗ ಸಾಲಿನಲ್ಲಿದ್ದ ಒಬ್ಬರೂ ಗೊಣಗಲಿಲ್ಲ. ಗೊಣಗಬೇಕಾದರೆ ಮುಖ ತೋರಿಸಬೇಕಲ್ಲ.

ಆ ಪೇಪರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳಕು ಏಲಿನ ಶತ್ರು ಅಂದೆನಲ್ಲ. ಅಂಗಡಿಯವರು ದುಬಾರಿ ಬಾಟಲಿಗಳನ್ನೇ ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಮಗ್ಗುಲಲ್ಲಿ, ವಿಧಾನಸೌಧಕ್ಕೆ ದೀಪ ಹಾಕಿದ ಹಾಗೆ ಜೋಡಿಸಿರುತ್ತಾರೆ. ತಿಂಗಳುಗಟ್ಟಲೆ ಬೆಳಕು ಕುಡಿದು ಕೆಟ್ಟ ಮೇಲೆ ಅದನ್ನು ಇಳಿಸಿ, ಲೋಕದ ಕಣ್ಣಿಗೆ ಬೀಳಬಾರದು ಅಂತ ನ್ಯೂಸ್‌ಪೇಪರಿನ ಕತ್ತಲೆಯಲ್ಲಿ ಮನೆಗೆ ಕಳಿಸುತ್ತಾರೆ. ನಾಚಿಕೆಯನ್ನು ಆರಂಭದಲ್ಲೇ ಮಾಡಿದ್ದರೆ ಹಾಪ್ಸಾದರೂ ಉಳಿಯುತ್ತಿತ್ತು.

ಇನ್ನು 'ಇಂಡಿಯಾ ಪೇಲ್ ಏಲ್'. ಹುಡುಗ ತಂದ ಮೂರನೆಯ ಬಾಟಲಿ ಅದೇ. ಕಂಪನಿ ಕಾಲದಲ್ಲಿ ಇಲ್ಲಿದ್ದ ಬಿಳಿಯರಿಗಾಗಿ ಲಂಡನ್ನಿನಿಂದಲೂ ಆಮೇಲೆ ಬರ್ಟನ್ ಎಂಬ ಇಂಗ್ಲಿಷ್ ಊರಿನಿಂದಲೂ ಹಾಪ್ಸು ಧಾರಾಳ ಸುರಿದ ಏಲು ಪೀಪಾಯಿಗಳಲ್ಲಿ ಹಡಗು ಹತ್ತಿ, ಆಫ್ರಿಕಾದ ತುದಿ ಸುತ್ತಿ, ತಿಂಗಳುಗಟ್ಟಲೆ ತೂರಾಡಿ ಬರುತ್ತಿತ್ತು. ನಮ್ಮ ಕೊಡಗು 1834ರಲ್ಲಿ ಅವರ ಕೈಗೆ ಹೋಯಿತು. 1854ರಲ್ಲಿ ಮಡಿಕೇರಿ ಮಗ್ಗುಲಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದಿತು. ದೊರೆ ಏಲು ಕುಡಿದು ಕಾಫಿ ಬೆಳೆಸಿದ, ನಾವು ಕಾಫಿ ಬೆಳೆದು ಏಲಿಗೆ ಸಾಲಿನಲ್ಲಿ ನಿಂತಿದ್ದೇವೆ. ಹೆಸರಲ್ಲೇ ಇಂಡಿಯಾ ಇರುವ ಆ ಬಾಟಲಿ ಇಂಗ್ಲೆಂಡಿನಿಂದ ಇಂದು ಬಂದರೆ 'ವಿದೇಶಿ'. ಮಂಡ್ಯದ ಕಬ್ಬಿನ ಕಾಕಂಬಿಯಿಂದ ಇಳಿಸಿದ ರಮ್ಮೂ ಅಬಕಾರಿ ಕಡತದಲ್ಲಿ 'ಭಾರತದಲ್ಲಿ ತಯಾರಾದ ವಿದೇಶಿ ಮದ್ಯ'. ಸ್ವದೇಶಿ ಅಂತ ಉಳಿದಿದ್ದ ಸಾರಾಯಿಯನ್ನು 2007ರಲ್ಲಿ ನಿಷೇಧಿಸಿದರು. ಅಂದರೆ ಕಿಂಡಿಯ ಮುಂದೆ ನಿಂತವನೊಬ್ಬನೇ ಅಲ್ಲಿ ಸ್ವದೇಶಿ.

ಇದನ್ನೆಲ್ಲ ಆ ಕೈಗೆ ಹೇಗೆ ಹೇಳುವುದು? ನಾನು ಹಟ ಬಿಡಲಿಲ್ಲ. ಮರುವಾರ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ. ಬಾಟಲಿಯ ಹೆಸರು, ಕಂದು ಗಾಜು, ಹೊಸ ತಾರೀಖು, ಫ್ರಿಜ್ಜಿನಲ್ಲಿ ಇಡಬೇಡಿ. ಕೈ ಚೀಟಿ ತೆಗೆದುಕೊಂಡಿತು. "ಚಿಲ್ಡ್ ಬೇಡ್ವಾ?" ಅಂತ ಕೇಳಿದ ಧ್ವನಿಯಲ್ಲಿ ನಿಜವಾದ ಕಳವಳವಿತ್ತು. ಹೊರಗೆ ಮಡಿಕೇರಿ ಇಡೀ ಊರೇ ಒದ್ದೆ ಕಂಬಳಿ ಹೊದ್ದ ಹಾಗಿತ್ತು, ಸಾಲಿನಲ್ಲಿದ್ದವರ ಹಲ್ಲು ಕಟಕಟ ಅನ್ನುತ್ತಿತ್ತು. ಅಂಥ ಚಳಿಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಫುಲ್ ಚಿಲ್ಡ್ ಕೊಡು ಅಣ್ಣ." ಇಂಗ್ಲೆಂಡಿನವರು ನೆಲ ಅಗೆದು ತಂಪು ನೆಲಮಾಳಿಗೆ ಕಟ್ಟಿ ಕಾಪಾಡುವ ತಂಪಿನಲ್ಲಿ ಅರ್ಧಕ್ಕರ್ಧ ನಮಗೆ ಮಳೆಗಾಲದಲ್ಲಿ ಪುಕ್ಕಟೆ. ನಾವು ಅದರ ನಡುವೆ ಫ್ರಿಜ್ಜು ಇಟ್ಟು, ಕರೆಂಟಿಲ್ಲದಾಗ ಜನರೇಟರು ಓಡಿಸಿ, ಬಿಯರಿಗೆ ಇನ್ನೂ ಚಳಿ ಹಿಡಿಸುತ್ತೇವೆ.

ಮೂರು ಸಲ ಹೋದೆ. "ಬಂದಿಲ್ಲ ಸಾರ್." "ಡಿಪೋದಲ್ಲಿ ಇಲ್ಲ ಸಾರ್." "ಸೋಮವಾರ ಕೇಳಿ."

ಕೈಲ್‌ಪೊಳ್ದ್‌ನ ಬೆಳಿಗ್ಗೆ, ಅಂದರೆ ನಮ್ಮ ಕೋವಿ-ಕತ್ತಿ ಪೂಜೆಯ ಹಬ್ಬದ ದಿನ, ಜಾಲರಿಯ ಆಚೆಯಿಂದ ಮೊದಲ ಸಲ ಒಂದು ಮುಖ ಬಗ್ಗಿ ನೋಡಿತು. ಇಪ್ಪತ್ತೈದರ ಹುಡುಗ, ಕಿವಿಯಲ್ಲಿ ಸಿಕ್ಕಿಸಿದ ಪೆನ್ನು, ಜೇಬಿನಲ್ಲಿ ನನ್ನ ಚೀಟಿ. "ಸಾರ್, ನಿಮ್ದು ಬಂದಿದೆ! ಒಂದೇ ಬಂದದ್ದು. ಬೇರೆಯವರಿಗೆ ಕೊಡ್ಲಿಲ್ಲ, ನಿಮಗಂತಲೇ ಎತ್ತಿಟ್ಟಿದ್ದೆ." ಜೀವಮಾನದಲ್ಲಿ ಯಾವ ಸಂಪಾದಕರೂ ನನ್ನನ್ನು ಹಾಗೆ ಕಂಡಿಲ್ಲ. ಕಣ್ಣು ಒದ್ದೆಯಾಯಿತು, ಅಥವಾ ಕೊಡೆ ಸೋರುತ್ತಿತ್ತು.

ಅಲ್ಲಿಂದ ನೇರ ಸುಬೇದಾರ್ ಮಾವನ ಮನೆ. ಹಿರಿಯರ ದೀಪ ಉರಿಯುವ ನಡುಮನೆ, ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿ, ಪೀಚೆಕತ್ತಿ ತೊಳೆದು ಒರೆಸಿ, ತೋಕ್‌ಪೂ ಎಂಬ ಹೂವು ಸಿಕ್ಕಿಸಿ, ದೀಪದೆದುರು ಇಟ್ಟಿದ್ದರು. ಒಳಗಿನಿಂದ ಕಡಂಬುಟ್ಟು, ಪಂದಿ ಕರಿಯ ವಾಸನೆ. ನಾನು ಸಡಗರದಿಂದ ಬ್ಯಾಗಿನಿಂದ ಬಾಟಲಿ ತೆಗೆದು, ಮೂರು ಸುತ್ತು ಪೇಪರು ಬಿಚ್ಚಿದೆ.

ಕಂದು ಗಾಜು ಕುತ್ತಿಗೆಯಿಂದ ಬುಡದವರೆಗೆ ಸೀಳಿತ್ತು. ಒಳಗೆ ಏಲು ಬಾಟಲಿಯ ಆಕಾರದಲ್ಲೇ ಗಟ್ಟಿಯಾಗಿ ನಿಂತಿತ್ತು.  ಕೊರಳಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ ನನ್ನದೇ ಚೀಟಿಯಲ್ಲಿ, 'ಇಡಬೇಡಿ' ಅನ್ನುವುದನ್ನು ನೀಟಾಗಿ ಹೊಡೆದುಹಾಕಿ ಪಕ್ಕದಲ್ಲಿ ಬರೆದಿತ್ತು: 'ಡೀಪ್ ಫ್ರೀಜರ್ — 5 ದಿನ. ಸ್ಪೆಷಲ್ ಕಸ್ಟಮರ್.'

ಮಾವ ಕನ್ನಡಕ ಏರಿಸಿ ಅದನ್ನು ಸುತ್ತಲೂ ನೋಡಿದರು. ಚೂರುಗಳನ್ನು ಹುಷಾರಾಗಿ ಬಾಳೆಲೆಗೆ ಎತ್ತಿಟ್ಟರು. ಬೆರಳಿಂದ ಒಮ್ಮೆ ಮುಟ್ಟಿ, ತೇವವನ್ನೇ ಗುರು ಕಾರಣರಿಗೆ ಚಿಮುಕಿಸಿದರು. ಆಮೇಲೆ ಒಳಗೆ ಕೂಗಿ ಹೇಳಿದರು, ಕ್ಯಾಂಟೀನ್ ರಮ್ಮು ತಾ ಅಂತ.